ತೋಟದಲ್ಲಿ ಒಬ್ಬನೇ ಮಷಿನ್ ಹಿಡಿದು ಕೆಲಸ ಮಾಡಬಹುದಾ?

ಓದುಗರ ಪ್ರಶ್ನೆ: ನಾವು ಗದಗ ಕಡೆಯವರು, 18 ವರ್ಷದಿಂದ ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಹೋದ ವರ್ಷ ಮುಳಶಿ ಕಡೆ ಒಂದೂವರೆ ಎಕರೆ ತಗೊಂಡೆ. ಭಾನುವಾರ ಒಬ್ಬನೇ ಹೋಗಿ ಹುಲ್ಲು ಹೊಡೆಯುತ್ತೇನೆ, ಪಂಪು ನೋಡುತ್ತೇನೆ, ಸಣ್ಣಪುಟ್ಟ ಕೊಂಬೆ ಕೊಯ್ಯುತ್ತೇನೆ. ಒಬ್ಬನೇ ಮಷಿನ್ ಮುಟ್ಟಬೇಡ ಅಂತ ಮನೆಯಲ್ಲಿ ಪ್ರತಿ ವಾರ ಜಗಳ. ಅಷ್ಟೊಂದು ಅಪಾಯವಾ ಇದು?

ಮಾಡಬಹುದು. ಆದರೆ ಎಲ್ಲ ಕೆಲಸವನ್ನೂ ಅಲ್ಲ. ಯಾವುದನ್ನು ಮಾಡಬಹುದು, ಯಾವುದನ್ನು ಬಿಡಬೇಕು ಅನ್ನುವುದಕ್ಕೆ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಅದನ್ನು ನನ್ನ ಕಾಲು ಮುರಿದುಕೊಂಡು ಕಲಿತದ್ದು, ಹಾಗಾಗಿ ಮೊದಲು ಆ ಕತೆ.

ನಮ್ಮ ಜಾಗ ಪೌಡ್ ದಾಟಿ ಒಳಗೆ, ಇಳಿಜಾರಿನಲ್ಲಿದೆ. ಮುಳಶಿ ಮಳೆ ಗೊತ್ತಲ್ಲ, ಸೆಪ್ಟೆಂಬರ್ ಹೊತ್ತಿಗೆ ಹುಲ್ಲು ಎದೆಮಟ್ಟ. ಎರಡು ವರ್ಷದ ಹಿಂದೆ ಒಂದು ಭಾನುವಾರ ಬ್ರಷ್ ಕಟರ್, ಅಂದರೆ ಹುಲ್ಲು ಹೊಡೆಯುವ ಮಷಿನ್ ಹೆಗಲಿಗೆ ಹಾಕಿಕೊಂಡು ಹೊಡೆಯುತ್ತಾ ಹೋಗುತ್ತಿದ್ದೆ. ಹಿಂದಿನ ಬೇಸಿಗೆಯಲ್ಲಿ ಮಾವಿನ ಸಸಿ ಇಡಲು ಅಂತ ನಾನೇ ತೋಡಿಸಿ, ಸಸಿ ಇಡದೆ ಮರೆತಿದ್ದ ಗುಂಡಿ ಹುಲ್ಲಿನ ಒಳಗಿತ್ತು. ಎಡಗಾಲು ಒಳಗೆ ಹೋಯಿತು, ದೇಹ ಇನ್ನೊಂದು ಕಡೆ ತಿರುಗಿತು, ಪಾದದ ಗಂಟಿನ ಹತ್ತಿರ ಟಕ್ ಅಂತ ಸದ್ದು. ಮಷಿನ್ ಪಾಪ ಏನೂ ಮಾಡಲಿಲ್ಲ, ಆಕ್ಸಿಲರೇಟರ್ ಬಿಟ್ಟ ತಕ್ಷಣ ಬ್ಲೇಡ್ ನಿಧಾನವಾಗಿ ನಿಂತಿತು. ಫೋನು ಎಲ್ಲಿತ್ತು? ಶೆಡ್ಡಿನಲ್ಲಿ, ಚಾರ್ಜಿಗೆ. 200 ಅಡಿ ದೂರ, ಅದೂ ಏರಿನಲ್ಲಿ.

ಕೂಗಿದೆ. ನೋವಿನಲ್ಲಿ ಬಾಯಿಗೆ ಬರುವುದು ಹುಟ್ಟಿದ ಭಾಷೆಯೇ ತಾನೇ, "ಯವ್ವಾ, ಯಾರರ ಬರ್ರೀ" ಅಂತ. ಸುಮಾರು ಎರಡು ತಾಸಿನ ಮೇಲೆ ಆಡು ಮೇಯಿಸುವ ಮಾವಶಿಯೊಬ್ಬರು ಬಂದರು. ಆಮೇಲೆ ಅವರು ಹೇಳಿದ್ದು ಕೇಳಿ ನೋವಿನಲ್ಲೂ ನಗು ಬಂತು. ನನ್ನ ಕೂಗು ಅವರಿಗೆ ಮೊದಲೇ ಕೇಳಿಸಿತ್ತಂತೆ, ಯಾರೋ ಪರಭಾಷೆಯವರು ಜಗಳ ಆಡುತ್ತಿದ್ದಾರೆ, ನಮಗ್ಯಾಕೆ ಅಂತ ಸುಮ್ಮನಿದ್ದರಂತೆ. "ವಾಚವಾ" (ಕಾಪಾಡಿ) ಅನ್ನುವ ಒಂದು ಮರಾಠಿ ಪದ ಬಾಯಿಗೆ ಬಂದಿದ್ದರೆ ಒಂದೂವರೆ ತಾಸು ಉಳಿಯುತ್ತಿತ್ತು. ಇಷ್ಟು ವರ್ಷ ಪುಣೆಯಲ್ಲಿದ್ದು ಕಲಿತ ಮರಾಠಿ ಬೇಕಾದಾಗ ಕೈಕೊಟ್ಟಿತು ನೋಡಿ.

ಮನೆಯಲ್ಲಿ ಹೆಂಡತಿಗೆ ಆ ಎರಡು ತಾಸು ಸ್ವಲ್ಪವೂ ಗಾಬರಿ ಆಗಿರಲಿಲ್ಲ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಫೋನು ಬರದಿದ್ದರೆ ಕೆಲಸ ನಡೆದಿದೆ ಅಂತ ಅರ್ಥ. ಹಾಗಂತ ನಾನೇ ರೂಢಿ ಮಾಡಿಸಿದ್ದೆ.

ಅವತ್ತು ಜೊತೆಗೆ ಯಾರಾದರೂ ಇದ್ದಿದ್ದರೂ ಆ ಕಾಲು ಮುರಿಯುತ್ತಿತ್ತು. ಒಬ್ಬರೇ ಇದ್ದಾಗ ಪೆಟ್ಟು ದೊಡ್ಡದಾಗುವುದಿಲ್ಲ, ಪೆಟ್ಟಾದ ಮೇಲಿನ ಹೊತ್ತು ಉದ್ದವಾಗುತ್ತದೆ. ಕಾಲಿನ ಮೂಳೆ ಎರಡು ತಾಸು ಕಾಯುತ್ತದೆ, ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷ. ಆದ್ದರಿಂದ ಈಗ ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರಲ್ಲಿ ಸಾಮಾನ್ಯವಾಗಿ ಆಗುವ ಅನಾಹುತ ಆದರೆ, ಆಮೇಲೆ ನಾನೇ ಫೋನ್ ಮಾಡುವ ಸ್ಥಿತಿಯಲ್ಲಿ ಇರುತ್ತೇನಾ? ಇಲ್ಲ ಅಂತಾದರೆ ಆ ಕೆಲಸ ಇನ್ನೊಬ್ಬರು ಬರುವವರೆಗೆ ಕಾಯಲಿ.

ಈ ಲೆಕ್ಕದಲ್ಲಿ ಮೊದಲು ಹೊರಗೆ ಹೋಗುವುದು ಬಾವಿ. ಹಳೆ ಬಾವಿಗೆ ಒಬ್ಬರೇ ಇಳಿಯಬೇಡಿ, ಪಂಪಿನ ಪೈಪಿನ ತಳದಲ್ಲಿರುವ ಫುಟ್‌ವಾಲ್ವ್‌ನ ಕಸ ತೆಗೆಯಲು ಐದೇ ನಿಮಿಷ ಅಂತಾದರೂ ಬೇಡ. ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಶೇಕಡಾ ಇರುತ್ತದೆ. ಮುಚ್ಚಿದ, ಬಳಸದ ಬಾವಿಯ ತಳದಲ್ಲಿ ಎಲೆ ಕಸ ಕೊಳೆಯುತ್ತಾ ಅದನ್ನು ತಿನ್ನುತ್ತದೆ, ಬದಲಿಗೆ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ, ಮೇಲೆ ಬರದೆ ತಳದಲ್ಲೇ ಕೂರುತ್ತದೆ. ಆಮ್ಲಜನಕ 10 ಶೇಕಡಾಕ್ಕಿಂತ ಕೆಳಗೆ ಹೋದರೆ ತಲೆ ಸುತ್ತಿ ಬೀಳುವುದಕ್ಕೆ ಜಾಸ್ತಿ ಹೊತ್ತು ಬೇಡ. ಉಸಿರು ಕಟ್ಟಿದರೆ ಗೊತ್ತಾಗುತ್ತದೆ, ಮೇಲೆ ಬರೋಣ ಅಂದುಕೊಂಡರೆ ಗೊತ್ತಾಗುವಷ್ಟರಲ್ಲಿ ಕೈಕಾಲಲ್ಲಿ ಬಲವೇ ಇರುವುದಿಲ್ಲ. ಡೀಸೆಲ್ ಪಂಪನ್ನು ಬಾವಿಯ ಒಳಗಿನ ಕಟ್ಟೆಯ ಮೇಲೆ ಇಳಿಸಿ ಓಡಿಸಿದ್ದರೆ ಇನ್ನೂ ಕೆಟ್ಟದ್ದು, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹಳೆಯ ಕಾಲದವರು ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು, ಅದು ಸರಿಯೇ. ಆದರೆ ದೀಪ ಉರಿದರೆ ಇಳಿಯಬಹುದು ಅನ್ನುವುದು ತಪ್ಪು, ವಿಷದ ಗಾಳಿ ಇದ್ದರೂ ದೀಪ ಉರಿಯುತ್ತದೆ. ಗೋಬರ್ ಗ್ಯಾಸ್ ಗುಂಡಿ, ಸೆಪ್ಟಿಕ್ ಟ್ಯಾಂಕ್‌ಗಳ ಹತ್ತಿರವಂತೂ ದೀಪವೇ ಬೇಡ, ಮಿಥೇನ್‌ಗೆ ಬೆಂಕಿ ಹತ್ತುತ್ತದೆ. ಅಲ್ಲಿನ ಕೊಳೆತ ಮೊಟ್ಟೆಯ ವಾಸನೆಯ ಗಾಳಿ ಜಾಸ್ತಿಯಾದರೆ ಮೂಗನ್ನೇ ಮಂಕು ಮಾಡುತ್ತದೆ, ವಾಸನೆ ಹೋಯಿತು ಅಂತ ಇಳಿದವರು ಮೋಸ ಹೋಗುತ್ತಾರೆ. ಇಬ್ಬರು ಇದ್ದರೂ ಒಬ್ಬರು ಬಿದ್ದಾಗ ಇನ್ನೊಬ್ಬರು ಹಿಂದೆಯೇ ಇಳಿಯಬಾರದು. ಬಾವಿ ದುರಂತಗಳಲ್ಲಿ ಎಷ್ಟೋ ಸಲ ಎರಡನೆಯ ಹೆಣ ಕಾಪಾಡಲು ಇಳಿದವರದು. ಪಂಪನ್ನೇ ಚೈನ್ ಪುಲ್ಲಿಯಿಂದ ಮೇಲೆತ್ತಿಸಿ ರಿಪೇರಿ ಮಾಡಿಸಿ, ಖರ್ಚಾಗಲಿ.

ಎರಡನೆಯದು ಮರ ಕೊಯ್ಯುವ ಮಷಿನ್, ಅದೇ ಚೈನ್ ಸಾ. ಸಣ್ಣ ಕೊಂಬೆ ಅಂದಿದ್ದೀರಿ. ಮಷಿನ್ ಯಾವುದು ಅಂತ ಬರೆದಿಲ್ಲ. ಕೈಗರಗಸ, ಮಚ್ಚು ಆದರೆ ನನ್ನ ತಕರಾರಿಲ್ಲ. ಚೈನ್ ಸಾ ಆದರೆ ಇದೆ. ಅದರ ಬಾರ್‌ನ, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿಯ, ತುದಿಯ ಮೇಲ್ಭಾಗ ಗಟ್ಟಿ ಕಟ್ಟಿಗೆಗೆ ತಾಗಿದರೆ ಇಡೀ ಮಷಿನ್ ಹಿಮ್ಮುಖವಾಗಿ ಮುಖದ ಕಡೆಗೆ ಎಗರುತ್ತದೆ. ತಡೆಯಲು ನಿಮ್ಮ ಕೈಗೆ ಸಮಯವೇ ಸಿಗುವುದಿಲ್ಲ, ಅದಕ್ಕೇ ಚೈನ್ ಬ್ರೇಕ್ ಅಂತ ಇಟ್ಟಿರುವುದು. ಏಣಿ ಹತ್ತಿ, ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯುವುದಂತೂ ಜೊತೆಗೆ ಹತ್ತು ಜನ ಇದ್ದರೂ ಬೇಡ. ನೆಲಕ್ಕೆ ಬಿದ್ದ ಕೊಂಬೆಯನ್ನು ತುಂಡು ಮಾಡುವುದಕ್ಕೂ ನಾನು ಯಾರಾದರೂ ಬರುವ ದಿನವನ್ನೇ ನೋಡುತ್ತೇನೆ.

ಟ್ರ್ಯಾಕ್ಟರು ನಿಮಗಿಲ್ಲ, ಬಾಡಿಗೆಗೆ ಬರುವವರು ಅವರೇ ಓಡಿಸುತ್ತಾರೆ. ಆದರೂ ಅದರ ಹಿಂದಿನ ಪಿಟಿಒ, ಅಂದರೆ ಬೇರೆ ಮಷಿನ್ ಓಡಿಸುವ ದಂಡ, ತಿರುಗುತ್ತಿರುವಾಗ ಹತ್ತಿರ ನಿಲ್ಲಬೇಡಿ. ನಿಮಿಷಕ್ಕೆ 540 ಸುತ್ತು ಅಂದರೆ ಸೆಕೆಂಡಿಗೆ 9, ಅಂಗಿಯ ತುದಿ ಸಿಕ್ಕಿತು ಅಂತ ಗೊತ್ತಾಗುವ ಮೊದಲೇ ಸುತ್ತಿಕೊಂಡಿರುತ್ತದೆ. ಪವರ್ ಟಿಲ್ಲರ್ ಆದರೆ ರಿವರ್ಸ್ ಗೇರಿನಲ್ಲಿ ಹುಷಾರು, ಹಿಂದೆ ಮರವೋ ಗೋಡೆಯೋ ಇದ್ದರೆ ಹ್ಯಾಂಡಲ್ ನಿಮ್ಮನ್ನು ಅದಕ್ಕೆ ಒತ್ತಿ ಹಿಡಿಯುತ್ತದೆ.

ಪಂಪಿನ ವಿಷಯ ನಡುವಿನದು. ಶೇತಿಯ (ಹೊಲದ) ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ನಿಮಗೂ ಗೊತ್ತು. ರಾತ್ರಿ ಬಂದರೆ ಏಳುವ ಬೇಜಾರಿಗೆ ಎಲ್ಲರೂ ಸ್ಟಾರ್ಟರಿಗೆ ಆಟೋ ಸ್ವಿಚ್ ಹಾಕಿಸಿರುತ್ತಾರೆ. ಕರೆಂಟ್ ಇಲ್ಲ ಅಂತ ನೀವು ಮೋಟರಿನ ವೈರಿಗೆ ಕೈ ಹಾಕಿದ್ದೀರಿ, ಅಷ್ಟರಲ್ಲಿ ಕರೆಂಟ್ ಬಂತು, ಆಟೋ ತನ್ನ ಪಾಡಿಗೆ ಮೋಟರ್ ಹಚ್ಚಿತು. ನಮ್ಮ ಪಕ್ಕದ ತೋಟದ ಭಾವು ಒಬ್ಬರು ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಚಡ್ಡಿ ಜೇಬಿಗೆ ಹಾಕಿಕೊಂಡೇ ಮೋಟರ್ ಹತ್ತಿರ ಹೋಗುತ್ತಾರೆ. ಫ್ಯೂಸ್ ಜೇಬಿನಲ್ಲಿದ್ದರೆ ಬೇರೆ ಯಾರೂ ಬಂದು ಹಚ್ಚುವುದಕ್ಕಾಗುವುದಿಲ್ಲ. ಆಮೇಲೆಯೂ ಟೆಸ್ಟರ್ ಹಚ್ಚಿ ನೋಡಿಯೇ ಮುಟ್ಟುತ್ತಾರೆ. ಇದಕ್ಕಿಂತ ಒಳ್ಳೆ ಪದ್ಧತಿ ನನಗೆ ಸಿಕ್ಕಿಲ್ಲ. ಶೆಡ್ಡಿನ ಲೈಟು, ಸಾಕೆಟ್ಟುಗಳಿಗೆ ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಅದಿದೆ ಅಂತ ಧೈರ್ಯವಾಗಿ ವೈರ್ ಮುಟ್ಟಬೇಡಿ, ಎರಡು ಫೇಸ್‌ಗಳ ನಡುವೆ ಸಿಕ್ಕಿಕೊಂಡರೆ ಅದು ಕಾಪಾಡುವುದಿಲ್ಲ. ಹಂದಿ ಕಾಟಕ್ಕೆ ಬೇಲಿಗೆ ನೇರ ಕರೆಂಟ್ ಕೊಡುವವರ ಮಾತು ಕೇಳಲೇಬೇಡಿ. ಸೋಲಾರ್ ಬೇಲಿಯ ಮಷಿನ್ ಕ್ಷಣಮಾತ್ರದ ಹೊಡೆತ ಕೊಟ್ಟು ಬಿಡುತ್ತದೆ, ಮನೆಯ ಕರೆಂಟ್ ಹಿಡಿದರೆ ಬಿಡುವುದಿಲ್ಲ. ಅದಕ್ಕೆ ಸಿಕ್ಕು ಸಾಯುವವರಲ್ಲಿ ಬೇಲಿ ಹಾಕಿದವರೂ ಇರುತ್ತಾರೆ.

ಉಳಿದದ್ದು ಹುಲ್ಲು ಹೊಡೆಯುವುದು, ನಿಮ್ಮ ಭಾನುವಾರದ ಮುಖ್ಯ ಕೆಲಸ. ಇದನ್ನು ಒಬ್ಬರೇ ಮಾಡಿ, ನಾನೂ ಮಾಡುತ್ತೇನೆ. ಆದರೆ ಮೊದಲು ಮಷಿನ್ ಇಲ್ಲದೆ, ಒಂದು ಉದ್ದ ಕೋಲು ಹಿಡಿದು ಆ ದಿನ ಹೊಡೆಯುವ ಜಾಗವನ್ನೆಲ್ಲ ತುಳಿದು ಬನ್ನಿ. ಗುಂಡಿ, ಕಲ್ಲು, ಹಳೆ ಬೇಲಿ ತಂತಿ, ಜೇನುಗೂಡು, ಹಾವು ಎಲ್ಲವೂ ಆಗಲೇ ಸಿಗುತ್ತವೆ. ಎಂಜಿನ್ನಿನ ಸದ್ದಿಗೆ ಹೆಜ್ಜೇನು ಎದ್ದರೆ ಮಷಿನ್ ಹೆಗಲಲ್ಲಿಟ್ಟುಕೊಂಡು ಓಡುವುದು ಆಗದ ಮಾತು. ಪಟ್ಟಿಯ ಕೊಂಡಿಯನ್ನು ಒಂದೇ ಎಳೆತಕ್ಕೆ ಬಿಚ್ಚಿ ಮಷಿನ್ ಕೆಳಗೆ ಹಾಕುವುದನ್ನು ಮನೆಯ ಅಂಗಳದಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ, ಅಪಾರ್ಟ್‌ಮೆಂಟಿನವರು ನಕ್ಕರೆ ನಗಲಿ.

ಕಲ್ಲು ಜಾಸ್ತಿ ಇರುವ ಕಡೆ ನೈಲಾನ್ ದಾರ ಹಾಕಿ. ದಾರ ಬೇಗ ಸವೆಯುತ್ತದೆ ಅಂತ ಬೈಂಡಿಂಗ್ ವೈರ್ ಸುತ್ತುವವರಿದ್ದಾರೆ. ಆ ತಂತಿಯ ತುಂಡು ಮುರಿದು ಹಾರಿದರೆ ಗುಂಡು ಹಾರಿದ ಹಾಗೆಯೇ. ಕಬ್ಬಿಣದ ಬ್ಲೇಡ್ ಎಡಕ್ಕೆ ತಿರುಗುವುದರಿಂದ ಎಡಭಾಗದಿಂದ ಕತ್ತರಿಸಬೇಕು, ಅದರ ಬಲ ಮುಂಭಾಗ ಗಟ್ಟಿ ಬುಡಕ್ಕೆ ತಾಗಿದರೆ ಮಷಿನ್ ಒದೆಯುತ್ತದೆ. ಬ್ಲೇಡಿಗೆ ಬಳ್ಳಿ ಸುತ್ತಿಕೊಂಡರೆ ಆಕ್ಸಿಲರೇಟರ್ ಬಿಡುವುದು ಸಾಲದು, ಎಂಜಿನ್ ಪೂರ್ತಿ ನಿಲ್ಲಿಸಿ ಆಮೇಲೆ ಕೈ ಹಾಕಿ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಸುರಿಯಬೇಡಿ, ಆ ಹೊತ್ತಿನಲ್ಲಿ ನೀರು ಕುಡಿಯಿರಿ. ಜಾಲರಿಯ ಮುಖವಾಡದ ಒಳಗೆ ಕನ್ನಡಕವೂ ಇರಲಿ, ಜಾಲರಿಯ ತೂತಿನಿಂದ ಸಣ್ಣ ಚೂರು ಒಳಗೆ ಬರುತ್ತದೆ. ಕಿವಿ ಮುಚ್ಚುವುದು ಬೇಕೇ ಬೇಕು, ಸದ್ದು 100 ಡೆಸಿಬಲ್ ಆಸುಪಾಸು ಇರುತ್ತದೆ. ಹಾಗೆ ಮುಚ್ಚಿಕೊಂಡಾಗ ಹಿಂದೆ ಯಾರು ಬಂದರೂ ಕೇಳುವುದಿಲ್ಲ, ಅದಕ್ಕೆ ಆಗಾಗ ನಿಲ್ಲಿಸಿ ತಿರುಗಿ ನೋಡಿ. ಸುತ್ತ 15 ಮೀಟರ್ ಒಳಗೆ ಆಡಿನ ಮಾವಶಿಯೂ ಇರಬಾರದು, ಆಡೂ ಇರಬಾರದು.

ಇನ್ನೊಂದು. "ಇನ್ನೊಂದೇ ಟ್ಯಾಂಕ್ ಪೆಟ್ರೋಲ್, ಮುಗಿಸಿಬಿಡೋಣ" ಅಂತ ಅನ್ನಿಸುತ್ತದಲ್ಲ, ಅಲ್ಲಿಗೇ ನಿಲ್ಲಿಸಿ. ನಾನು ಗುಂಡಿಗೆ ಬಿದ್ದದ್ದು ಅದೇ ಕೊನೆಯ ಟ್ಯಾಂಕಿನಲ್ಲಿ.

ಇನ್ನು ಫೋನು. ಶೆಡ್ಡಿನಲ್ಲಲ್ಲ, ಚೀಲದಲ್ಲಲ್ಲ, ಬಿದ್ದರೂ ಕೈಗೆ ಸಿಗುವ ಮುಂದಿನ ಜೇಬಿನಲ್ಲಿ, ಬಟನ್ ಹಾಕಿ. ಸಿಗ್ನಲ್ ಹುಡುಕುತ್ತಾ ಬ್ಯಾಟರಿ ಬೇಗ ಇಳಿಯುತ್ತದೆ, ಚಾರ್ಜ್ ಮಾಡುವುದಿದ್ದರೆ ಕಾರಿನಲ್ಲೇ ಮುಗಿಸಿ. ಕಾಲ್ ಹೋಗದ ಕಡೆ ಕೆಲವು ಸಲ ಎಸ್‌ಎಂಎಸ್ ಹೋಗುತ್ತದೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದು ಇದ್ದರೆ 112 ಹತ್ತಬಹುದು, ಸುಮ್ಮನೆ ಬಿಡದೆ ಒತ್ತಿ. ಆಂಬುಲೆನ್ಸಿಗೆ 108. ಕುತ್ತಿಗೆಯಲ್ಲಿ ಒಂದು ಸೀಟಿ ಇರಲಿ, ಅದಕ್ಕೆ ಕನ್ನಡ, ಮರಾಠಿ ಅಂತ ಭೇದವಿಲ್ಲ. ರಕ್ತ ನಿಲ್ಲಿಸಲು ದಪ್ಪ ಹತ್ತಿ ಬಟ್ಟೆ, ಅಗಲ ಬ್ಯಾಂಡೇಜು ಸೊಂಟದ ಚೀಲದಲ್ಲೇ ಇರಬೇಕು. ಗಾಯದ ಮೇಲೆ ಇಟ್ಟು ಜೋರಾಗಿ ಒತ್ತಿ ಹಿಡಿಯುವುದೇ ಮೊದಲ ಚಿಕಿತ್ಸೆ, ಆಗಾಗ ಎತ್ತಿ ನೋಡಬಾರದು.

ಶೆಡ್ಡಿನ ಬಾಗಿಲಿಗೆ ಮರಾಠಿಯಲ್ಲಿ ಒಂದು ಕಾಗದ ಅಂಟಿಸಿದ್ದೇನೆ. ಊರು, ವಾಡಿ, ಸಾತ್‌ಬಾರಾದಲ್ಲಿರುವ (ಅಲ್ಲಿನ ಪಹಣಿ) ಗಟ್ ನಂಬರ್, ಅಂದರೆ ಜಮೀನಿನ ನಂಬರ್, ಡಾಂಬರು ರಸ್ತೆಯಿಂದ ಯಾವ ದೇವಸ್ಥಾನದ ಹತ್ತಿರ ತಿರುಗಬೇಕು, ಮನೆಯ ಫೋನ್ ನಂಬರು, ರಕ್ತದ ಗುಂಪು. ನನ್ನನ್ನು ಕಂಡವರು ಫೋನಿನಲ್ಲಿ ಅದನ್ನು ಓದಿ ಹೇಳಿದರೆ ಸಾಕು.

ಇಷ್ಟೆಲ್ಲ ಇದ್ದರೂ ಪ್ರಜ್ಞೆ ತಪ್ಪಿದರೆ ಒಂದೂ ಉಪಯೋಗಕ್ಕೆ ಬರುವುದಿಲ್ಲ. ಆಗ ನಿಮ್ಮನ್ನು ಹುಡುಕಿಕೊಂಡು ಯಾರಾದರೂ ಬರಬೇಕು, ನೀವು ಕರೆಯದೆಯೇ. ಅದಕ್ಕೆ ಮನೆಯವರ ಜೊತೆ ಜಗಳ ಬಿಟ್ಟು ಒಂದು ಒಪ್ಪಂದ ಮಾಡಿಕೊಳ್ಳಿ. ನಮ್ಮದು ಹೀಗೆ: ಮಧ್ಯಾಹ್ನ 1ಕ್ಕೆ ಮತ್ತು ಸಂಜೆ 5ಕ್ಕೆ ನಾನು ಸಿಗ್ನಲ್ ಬರುವ ಕಡೆ ನಡೆದು ಬಂದು ಫೋನ್ ಮಾಡಬೇಕು. ಅರ್ಧ ಗಂಟೆ ತಡವಾದರೆ ಹೆಂಡತಿ ಊರಿನ ಪೊಲೀಸ್ ಪಾಟೀಲರಿಗೆ (ಹಳ್ಳಿಗೆ ಸರ್ಕಾರ ನೇಮಿಸಿದ ಊರಿನವರೇ) ಫೋನ್ ಮಾಡುತ್ತಾಳೆ, "ಏನಾದರೂ ಕೆಲಸದಲ್ಲಿರಬೇಕು" ಅಂತ ಕಾಯುವ ಹಾಗಿಲ್ಲ. ಪಾಟೀಲರ ನಂಬರು ನಿಮ್ಮ ಹತ್ತಿರ ಇಲ್ಲದಿದ್ದರೆ ಮುಂದಿನ ಭಾನುವಾರ ಮೊದಲು ಅವರ ಮನೆಗೆ ಹೋಗಿ, ಚಹಾ ಕುಡಿದು, ವಿಷಯ ಹೇಳಿ ಬನ್ನಿ. ಮಹಾರಾಷ್ಟ್ರದ ಹಳ್ಳಿಯಲ್ಲಿ ಇಂಥದ್ದಕ್ಕೆ ಅವರಿಗಿಂತ ಬೇಗ ನಾಲ್ಕು ಜನ ಸೇರಿಸುವವರು ಸಿಗುವುದಿಲ್ಲ.

ನಾನು ಒಂದೇ ಒಂದು ಸಲ ತಪ್ಪಿದೆ. ಕೆಲಸ ಬೇಗ ಮುಗಿಯಿತು ಅಂತ ಖುಷಿಯಲ್ಲಿ ಫೋನ್ ಮರೆತು ಹೊರಟವನು ಪೌಡಿನಲ್ಲಿ ವಡಾಪಾವ್ ತಿನ್ನುತ್ತಾ ನಿಂತಿದ್ದೆ. ಅತ್ತ ಪಾಟೀಲರು ಇಬ್ಬರು ಹುಡುಗರನ್ನು ಬೈಕಿನಲ್ಲಿ ಕೂರಿಸಿಕೊಂಡು ನನ್ನ ತೋಟವನ್ನೆಲ್ಲ ಹುಡುಕಿ, ಬಾವಿಯೊಳಗೂ ಟಾರ್ಚ್ ಬಿಟ್ಟು ನೋಡಿದ್ದರು. ಮುಂದಿನ ವಾರ ಸಿಕ್ಕಾಗ ಬೈಯಲಿಲ್ಲ. "ಸಾಹೇಬ, ಏಕ್ ಫೋನ್ ಕರಾಯ್ಚಾ ಹೋತಾ ನಾ" (ಒಂದು ಫೋನ್ ಮಾಡಬೇಕಿತ್ತಲ್ಲ) ಅಂದರು ಅಷ್ಟೇ. ಈಗ ಕಾರಿನ ಕೀಲಿಕೈ ಗೊಂಚಲಿಗೆ ಕೆಂಪು ದಾರ ಕಟ್ಟಿದ್ದೇನೆ, ಅದು ಕಂಡರೆ ಮೊದಲು ಫೋನು, ಆಮೇಲೆ ಗಾಡಿ.