ಬಾರ್ಡರ್ ಶುಗರ್: ಸಿಹಿ ಬಿಟ್ಟರೂ ಯಾಕೆ ಇಳಿಯುತ್ತಿಲ್ಲ?

ಖಾಲಿ ಹೊಟ್ಟೆಯ ಸಕ್ಕರೆ 112, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ ಎಚ್‌ಬಿಎ1ಸಿ 6.0. ‘ಬಾರ್ಡರ್‌ನಲ್ಲಿದೆ, ಸಿಹಿ ಬಿಡಿ’ ಅಂದರೆ ಅಲ್ಲಿಗೆ ಸಲಹೆ ಮುಗಿಯಿತು. ಮನೆಗೆ ಬಂದವರು ಹೋಳಿಗೆ, ಜಾಮೂನು ಮುಟ್ಟುವುದಿಲ್ಲ. ಕಾಫಿಗೆ ಸಕ್ಕರೆ ಬದಲು ಬೆಲ್ಲ ಬರುತ್ತದೆ. ಅನ್ನ ಹೋಗಿ ಎರಡೂ ಹೊತ್ತು ಎರಡೆರಡು ಮುದ್ದೆ ಶುರುವಾಗುತ್ತದೆ. ಮೂರು ತಿಂಗಳ ನಂತರ ನೋಡಿದರೆ 6.1. ಇಷ್ಟು ಕಟ್ಟುನಿಟ್ಟಾಗಿ ಇದ್ದವರಿಗೆ ಇದರಷ್ಟು ಬೇಸರದ ಸಂಗತಿ ಬೇರೆ ಇಲ್ಲ.

ಖಾಲಿ ಹೊಟ್ಟೆಯಲ್ಲಿ 100ರಿಂದ 125, ಅಥವಾ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 140ರಿಂದ 199, ಅಥವಾ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದು ಮಧುಮೇಹಪೂರ್ವ ಸ್ಥಿತಿ. ಇನ್ಸುಲಿನ್ ಇನ್ನೂ ತಯಾರಾಗುತ್ತಿರುತ್ತದೆ, ಆದರೆ ಸ್ನಾಯು ಮತ್ತು ಯಕೃತ್ತು ಅದರ ಮಾತು ಸರಿಯಾಗಿ ಕೇಳುತ್ತಿರುವುದಿಲ್ಲ. ಹಾಗಾಗಿ ಸಿಹಿಯೊಂದನ್ನೇ ಬಿಟ್ಟರೆ ಸಾಲದು. ಹೊಟ್ಟೆಗೆ ಬೀಳುವ ಪಿಷ್ಟದ (ಕಾರ್ಬೋಹೈಡ್ರೇಟ್) ಒಟ್ಟು ಲೆಕ್ಕ ಇಳಿಯಬೇಕು, ಸ್ನಾಯುವಿಗೆ ಕೆಲಸ ಬೀಳಬೇಕು.

ನಮ್ಮಲ್ಲಿ ಹೆಚ್ಚು ಜನ ಎಡವುವುದು ರಾಗಿಯ ಲೆಕ್ಕದಲ್ಲಿ. ರಾಗಿ ಒಳ್ಳೆಯ ಧಾನ್ಯ. ನಾರು ಇದೆ, ಕ್ಯಾಲ್ಸಿಯಂ ಧಾರಾಳವಾಗಿದೆ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪಿಷ್ಟವೂ ಸುಮಾರು 70 ಗ್ರಾಂ ಇದೆ. ದೊಡ್ಡದೊಂದು ಮುದ್ದೆಗೆ ಹೆಚ್ಚುಕಮ್ಮಿ ಆ 100 ಗ್ರಾಂ ಹಿಟ್ಟೇ ಹಿಡಿಯುತ್ತದೆ. ಅಗಿಯದೆ ನುಂಗುವ ಊಟವಾದ್ದರಿಂದ ಎಷ್ಟು ಒಳಗೆ ಹೋಯಿತು ಅನ್ನುವುದೂ ಗೊತ್ತಾಗುವುದಿಲ್ಲ. ಒಂದು ವಾರ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿ, ಒಬ್ಬರಿಗೆ 50ರಿಂದ 60 ಗ್ರಾಂ ಹಿಟ್ಟಿನ ಒಂದೇ ಮುದ್ದೆ ಕಟ್ಟಿ. ಆಮೇಲೆ ಕೈಗೆ ಅಳತೆ ತಾನಾಗಿ ಸಿಗುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ, ಮಾಲ್ಟ್ ಬೇಡ. ಅವು ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತವೆ. ಬೆಲ್ಲ, ಜೇನುತುಪ್ಪಗಳನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿ.

ಕಡಿಮೆಯಾದ ಮುದ್ದೆಯ ಜಾಗವನ್ನು ಬಸ್ಸಾರಿನ ಊಟವೇ ತುಂಬುತ್ತದೆ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು, ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಸಾಮಾನ್ಯವಾಗಿ ತಟ್ಟೆ ತುಂಬ ಮುದ್ದೆ, ಅದು ಮುಳುಗುವಷ್ಟು ಸಾರು, ಮೂಲೆಯಲ್ಲಿ ಒಂದು ಚಮಚ ಪಲ್ಯ ಇರುತ್ತದೆ. ಇದನ್ನು ತಿರುಗಿಸಿ: ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗಕ್ಕೆ ಮಾತ್ರ ಮುದ್ದೆ ಅಥವಾ ಅನ್ನ. ಮೊದಲು ಪಲ್ಯ, ಕೋಸಂಬರಿ ತಿಂದು ಆಮೇಲೆ ಮುದ್ದೆಗೆ ಕೈ ಹಾಕಿದರೆ ಊಟದ ನಂತರದ ಏರಿಕೆ ಇನ್ನೂ ತಗ್ಗುತ್ತದೆ. ಮುದ್ದೆ ಆದ ಮೇಲೆ ‘ಸ್ವಲ್ಪ’ ಮೊಸರನ್ನ ಬೇಡ, ಮಜ್ಜಿಗೆ ಸಾಕು.

ಊಟ ಮುಗಿದ ಅರ್ಧ ಗಂಟೆಯೊಳಗೆ 10ರಿಂದ 15 ನಿಮಿಷ ನಡೆಯಿರಿ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಒಂದು ಗಂಟೆ ನಡೆದು ಉಳಿದ ದಿನವೆಲ್ಲ ಕುರ್ಚಿಯಲ್ಲೇ ಕೂರುವವರಿಗೆ ಈ ಲಾಭ ತಪ್ಪುತ್ತದೆ. ವಾರಕ್ಕೆ ಒಟ್ಟು 150 ನಿಮಿಷ ಚುರುಕು ನಡಿಗೆ ಇರಲಿ. ಜೊತೆಗೆ ವಾರಕ್ಕೆ ಎರಡು ದಿನ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, 10 ಸಲದಂತೆ ಮೂರು ಸುತ್ತು. ತೊಡೆಯ ಸ್ನಾಯು ದೇಹದ ದೊಡ್ಡ ಸಕ್ಕರೆ ಗೋದಾಮು.

ಈ ಬದಲಾವಣೆಗಳು ಕೆಲಸ ಮಾಡುತ್ತಿವೆಯೇ ಅನ್ನುವುದನ್ನು ಮನೆಯಲ್ಲೇ ನೋಡಬಹುದು. ಒಂದು ದಿನ ಎಂದಿನ ಊಟ ಮಾಡಿ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಗ್ಲುಕೋಮೀಟರ್‌ನಲ್ಲಿ ನೋಡಿ. ಇನ್ನೊಂದು ದಿನ ಬದಲಾದ ತಟ್ಟೆ, ಊಟದ ನಂತರದ ನಡಿಗೆ, ಅದೇ ಎರಡು ಗಂಟೆ. ಕೈ ತೊಳೆದು ಒರೆಸಿಕೊಂಡೇ ಚುಚ್ಚಿ. ಬೆರಳಲ್ಲಿ ಹಣ್ಣಿನ ಅಂಟಿದ್ದರೆ ಅಂಕಿ ಸುಳ್ಳಾಗುತ್ತದೆ. ಈ ಯಂತ್ರ ಹೋಲಿಕೆಗೆ ಮಾತ್ರ, ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಲ್ಯಾಬ್ ಪರೀಕ್ಷೆಯೇ ಬೇಕು.

ಅಲ್ಲಿಯೂ ಒಂದು ಎಚ್ಚರ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ಹಿಮೋಗ್ಲೋಬಿನ್ ಕಡಿಮೆ ಇದ್ದವರು ಖಾಲಿ ಹೊಟ್ಟೆಯ ಮತ್ತು ಗ್ಲೂಕೋಸ್ ಕುಡಿದ ನಂತರದ ಪರೀಕ್ಷೆಗಳನ್ನೂ ಮಾಡಿಸಲೇಬೇಕು. ಮರುಪರೀಕ್ಷೆ ಮೂರು ತಿಂಗಳಿಗೆ ಮೊದಲೇ ಬೇಡ, ಎಚ್‌ಬಿಎ1ಸಿ ಹೇಳುವುದೇ ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು.

ತೂಕ ಹೆಚ್ಚಿದ್ದರೆ ಗುರಿ 5ರಿಂದ 7 ಶೇಕಡ: 75 ಕೆಜಿ ಇರುವವರು ಆರು ತಿಂಗಳಲ್ಲಿ ನಾಲ್ಕೈದು ಕೆಜಿ. ತೂಕದ ಯಂತ್ರಕ್ಕಿಂತ ಟೇಪನ್ನು ನಂಬಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆಹಾರ, ವ್ಯಾಯಾಮದಿಂದ ಮಧುಮೇಹಕ್ಕೆ ತಿರುಗುವುದು 58 ಶೇಕಡ ತಗ್ಗಿತು, ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆಯಿಂದ 31. ಭಾರತೀಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೀವನಕ್ರಮದಿಂದ ತಗ್ಗಿದ್ದು ಸುಮಾರು 28 ಶೇಕಡ. ನಮಗೆ ಲಾಭ ಕಡಿಮೆಯೇ ಎಂದು ಕೈಚೆಲ್ಲಬೇಡಿ, ಅಲ್ಲಿ ತೂಕ ಅಷ್ಟಾಗಿ ಇಳಿಯದೆಯೇ ಇಷ್ಟು ಲಾಭ ಸಿಕ್ಕಿತ್ತು. ಸಣಕಲು ಮೈಯವರಿಗೂ ನಡಿಗೆ, ಊಟದ ಶಿಸ್ತು ಬೇಕು ಅನ್ನುವುದು ಅದಕ್ಕೇ.

ಎಚ್‌ಬಿಎ1ಸಿ 5.6ಕ್ಕೆ ಇಳಿದ ಮೇಲೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಗರ್ಭಿಣಿಯಾಗಿದ್ದಾಗ ಶುಗರ್ ಬಂದವರು, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಮುಂದೂಡಬೇಡಿ. ಬಾಯಾರಿಕೆ, ಪದೇಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮೂರು ತಿಂಗಳ ಲೆಕ್ಕ ಬಿಟ್ಟು ಆ ವಾರವೇ ವೈದ್ಯರನ್ನು ಕಾಣಿ.