ಒಂದು ಗೇಣು ಮೇಲೆ

ಮಾರ್ಚ್ ನಡುವಿನಿಂದ ಏಪ್ರಿಲ್ ಮುಗಿಯುವವರೆಗೆ ನನ್ನ ದೋಣಿಯಲ್ಲಿ ನಾನು ಅತಿ ಹೆಚ್ಚು ಸಲ ಆಡುವ ಮಾತು ಒಂದೇ: ಗಾಳವನ್ನು ಮೇಲೆತ್ತಿ. ದಡ ಬಿಡುವಾಗ ಹೇಳುತ್ತೇನೆ, ಗಾಳ ಮೊದಲ ಸಲ ನೀರಿಗಿಳಿಯುವಾಗ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಹತ್ತು ನಿಮಿಷದೊಳಗೆ ಸೀಸ ಮತ್ತೆ ತಳದ ಕೆಸರನ್ನು ಮುಟ್ಟಿರುತ್ತದೆ. ನಾವು ಹಿಡಿಯಲು ಹೊರಟ ಕ್ರಾಪಿ ಎಂಬ ಸಿಹಿನೀರಿನ ಮೀನು ಒಂಬತ್ತು ಅಡಿಯಲ್ಲಿ, ಎರೆ ಹದಿನಾಲ್ಕು ಅಡಿಯಲ್ಲಿ. ಸಂಜೆ ಖಾಲಿ ಪೆಟ್ಟಿಗೆ ಹಿಡಿದು ದಡ ಹತ್ತುವಾಗ, ‘ಈ ವರ್ಷ ಇಲ್ಲಿ ಕ್ರಾಪಿಯೇ ಇಲ್ಲ’ ಎನ್ನುತ್ತಾರೆ. ಇದೆ. ದಿನವಿಡೀ ಅದರ ಹೊಟ್ಟೆಯ ಕೆಳಗೆ ಊಟ ಬಡಿಸಿದ್ದೀರಿ, ಅಷ್ಟೇ.

ಇದು ಉತ್ತರ ಕೆರೊಲಿನಾದ ಜೋರ್ಡನ್ ಜಲಾಶಯದ ಮಾತು. ಹಾ ನದಿ ಮತ್ತು ನ್ಯೂ ಹೋಪ್ ತೊರೆಯ ನೀರನ್ನು ಅಮೆರಿಕದ ಸೇನಾ ಎಂಜಿನಿಯರುಗಳ ದಳ ಅಣೆಕಟ್ಟಿನಿಂದ ತಡೆದು 1980ರ ದಶಕದ ಆರಂಭದಲ್ಲಿ ತುಂಬಿಸಿದ್ದು. ಹರವು ಸುಮಾರು 14,000 ಎಕರೆ, ಸರಾಸರಿ ಆಳ ಸುಮಾರು 14 ಅಡಿ. ಕ್ಯಾರಿ, ಏಪೆಕ್ಸ್ ಊರುಗಳ ನಲ್ಲಿಗಳಲ್ಲಿ ಬರುವ ನೀರು ಇಲ್ಲಿಯದೇ. ಆ ಊರುಗಳಲ್ಲಿ ಕನ್ನಡದವರು ಬಹಳ ಇದ್ದಾರೆ. ವಸಂತದ ಶನಿವಾರಗಳಲ್ಲಿ ನನ್ನ ದೋಣಿ ಹತ್ತುವವರಲ್ಲಿ ಅವರ ಪಾಲು ದೊಡ್ಡದು. ಊರಿನಿಂದ ಆರು ತಿಂಗಳಿಗೆಂದು ಬಂದ ತಂದೆ, ಮಾವಂದಿರನ್ನೂ ಕರೆತರುತ್ತಾರೆ. ಅವರು ಬಂದರೆ ನನಗೆ ಸಂತೋಷ. ಆದರೆ ತಳ ಮುಟ್ಟಿಸುವ ಹಟದಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ.

ಹಟದ ಬೇರು ಎಲ್ಲಿದೆ ಎಂಬುದು ನನಗೆ ಗೊತ್ತು. ನಾನೂ ಅಲ್ಲಿಂದಲೇ ಬಂದವನು. ನಮ್ಮ ಕಡೆ ಗಾಳ ಹಾಕುವುದೆಂದರೆ ರಾಗಿ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿ ಉಂಡೆ ಕಟ್ಟಿ, ಸೀಸದ ಜೊತೆ ಮಡುವಿಗೆ ಎಸೆದು ತಳದಲ್ಲಿ ಕೂರಿಸಿ ಕಾಯುವುದು. ಮೃಗಾಲ್ ಬರಲಿ, ಸಾಮಾನ್ಯ ಗೆಂಡೆ ಬರಲಿ, ಅವುಗಳಿಗೆ ಊಟ ಅಲ್ಲೇ. ಅವುಗಳ ಮಟ್ಟಿಗೆ ಆ ಪದ್ಧತಿ ಸರಿಯಾದದ್ದೇ. ಸೀಸ ನೆಲಕ್ಕೆ ತಾಗಿದ ‘ಟಕ್’ ಎಂಬ ಸಣ್ಣ ಅನುಭವ ಬೆರಳಿಗೆ ಸಿಕ್ಕರೆ ಕೆಲಸ ಸರಿಯಾಯಿತೆಂಬ ನೆಮ್ಮದಿ. ನಲವತ್ತು ವರ್ಷ ಬೆರಳಲ್ಲಿ ಉಳಿದ ಆ ನೆಮ್ಮದಿಯನ್ನು ನಾನು ಒಂದು ಬೆಳಗಿನಲ್ಲಿ ಬಿಡಿಸಬೇಕು.

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುವಾಗ ನಮಗೆ ಮೊದಲು ಕಲಿಸಿದ ಪಾಠಗಳಲ್ಲೊಂದು ಬಾಯಿ ನೋಡುವುದು. ಒಂದೇ ಕೊಳದಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಬಿಡಬಹುದು, ಏಕೆಂದರೆ ಮೂರಕ್ಕೂ ಊಟದ ಅಂತಸ್ತು ಬೇರೆ. ಕಾಟ್ಲಾದ ಬಾಯಿ ಮೇಲಕ್ಕೆ ತೆರೆದಿರುತ್ತದೆ, ಅದು ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುವೆ. ಮೃಗಾಲ್‌ನ ಬಾಯಿ ಕೆಳಕ್ಕೆ ಬಾಗಿದೆ, ಅದು ತಳದ್ದು. ಈಗ ಕ್ರಾಪಿಯೊಂದನ್ನು ಕೈಯಲ್ಲಿ ಹಿಡಿದು ಪಕ್ಕದಿಂದ ನೋಡಿ. ಕೆಳದವಡೆ ಮುಂದಕ್ಕೆ ಚಾಚಿ ಮೇಲಕ್ಕೆ ಓರೆಯಾಗಿದೆ. ದೊಡ್ಡ ಕಣ್ಣುಗಳು ತಲೆಯ ಮೇಲ್ಭಾಗಕ್ಕೆ ಹತ್ತಿರ ಕೂತಿವೆ. ಇದು ತಲೆಯೆತ್ತಿ ನೋಡಿ ಮೇಲಕ್ಕೆ ಹೋಗಿ ತಿನ್ನುವ ಮೀನು. ಇದರ ಆಹಾರವಾದ ಶ್ಯಾಡ್ ಎಂಬ ಮೀನಿನ ಮರಿಗಳು, ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು ನಡುನೀರಿನಲ್ಲಿ ಇರುವಂಥವು. ಅವುಗಳಿಗೆ ಸ್ವಲ್ಪ ಕೆಳಗೆ ಕ್ರಾಪಿಗಳ ಹಿಂಡು ಅಲುಗಾಡದೆ ನಿಂತಿರುತ್ತದೆ. ತನ್ನ ಮೇಲಿನಿಂದ ಹಾದುಹೋಗುವುದನ್ನು ಎದ್ದು ಹಿಡಿಯುತ್ತದೆ. ಕೆಳಗೆ ಬಿದ್ದದ್ದರ ಗೊಡವೆಗೆ ಹೋಗುವುದು ಅಪರೂಪ.

ಅಪರೂಪ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. ತಳದಿಂದ ಹಿಡಿದವರಿದ್ದಾರೆ. ಚಳಿಗಾಲದಲ್ಲಿ ಹಿಂಡು ತಳಕ್ಕೆ ಅಂಟಿಕೊಂಡಿರುವಾಗ ತಳವೇ ಸರಿ. ಆಗಲೂ ತಳಕ್ಕಿಂತ ಒಂದಡಿ ಮೇಲೆ.

ಮೊದಲು ಇದನ್ನು ಬಾಯಿಮಾತಿನಲ್ಲಿ ನಂಬಿಸಬೇಕಿತ್ತು. ಈಗ ದೋಣಿಯ ಮುಂದೆ ಮೀನುಗಳನ್ನು ಆಗಿಂದಾಗಲೇ ಪರದೆಯಲ್ಲಿ ತೋರಿಸುವ ಸೋನಾರ್ ಬಂದಿದೆ. ಹೋದ ವರ್ಷ ಮೋರಿಸ್‌ವಿಲ್‌ನ ಮೂವರು ಹುಡುಗರು ಬಂದಿದ್ದರು, ಮೂವರೂ ಸಾಫ್ಟ್‌ವೇರ್ ಕೆಲಸದವರು. ಹೆದ್ದಾರಿ 64ರ ಸೇತುವೆಯ ಕಂಬಗಳ ಬಳಿ ದೋಣಿ ನಿಲ್ಲಿಸಿದೆ. ಪರದೆಯಲ್ಲಿ ಹತ್ತು ಅಡಿಯಲ್ಲಿ ಹದಿನೈದು ಇಪ್ಪತ್ತು ಮೀನು ಚೆನ್ನಾಗಿ ಕಾಣುತ್ತಿದ್ದವು. ಒಬ್ಬನ ಗಾಳ ಇಳಿಯಿತು. ಅದು ಎಂಟು ಅಡಿಗೆ ಬಂದಾಗ ಎರಡು ಮೀನು ಹಿಂಡು ಬಿಟ್ಟು ಮೇಲೆದ್ದವು. ಗಾಳ ನಿಲ್ಲಲಿಲ್ಲ. ಒಂಬತ್ತು, ಹತ್ತು, ಹನ್ನೊಂದು. ಅವುಗಳ ಮಟ್ಟವನ್ನು ದಾಟಿ ಕೆಳಗಿಳಿದ ಕೂಡಲೇ ಎರಡೂ ಹಿಂದಿರುಗಿ ಹಿಂಡಿನಲ್ಲಿ ಸೇರಿಕೊಂಡವು. ಹುಡುಗ ಪರದೆಯನ್ನು ನೋಡುತ್ತಲೇ ಇದ್ದ, ಆದರೂ ಇಳಿಸುತ್ತಲೇ ಇದ್ದ! ಇನ್ನೊಂದು ಸಲ ಹಾಗೇ ಆಯಿತು. ಮೂರನೆಯ ಸಲ ನಾನು ರೀಲಿನ ಮೇಲೆ ಕೈಯಿಟ್ಟು ಎಂಟೂವರೆ ಅಡಿಯಲ್ಲಿ ನಿಲ್ಲಿಸಿದೆ. ಎಣಿಸಿದಂತೆ ನಾಲ್ಕು ಸೆಕೆಂಡಿಗೆ ಕೋಲು ಬಾಗಿತು. ಅವನ ಮುಖದಲ್ಲಿ ಬಂದ ಬೆರಗನ್ನು ನೋಡಿ ನನ್ನ ಬೆಳಗಿನ ಸಿಟ್ಟೆಲ್ಲ ಇಳಿಯಿತು.

ಎಷ್ಟು ಮೇಲೆ ಎಂಬುದು ನೀರಿನ ಬಣ್ಣವನ್ನು ಅವಲಂಬಿಸುತ್ತದೆ. ತಿಳಿನೀರಿನ ಕೆರೆಗಳಲ್ಲಿ ಕ್ರಾಪಿ ಮೂರು ನಾಲ್ಕು ಅಡಿ ಎದ್ದು ಬರುವುದನ್ನು ಕಂಡಿದ್ದೇನೆ. ಜೋರ್ಡನ್‌ನದು ಹೆಚ್ಚಿನ ದಿನಗಳಲ್ಲಿ ಕಲಕಿದ ಚಹಾದ ಬಣ್ಣದ ನೀರು. ಮಳೆಯಾದ ಮೇಲೆ ಗಾಳ ಒಂದು ಮೊಳ ಮುಳುಗುವುದರೊಳಗೆ ಕಣ್ಣಿಗೆ ಮರೆಯಾಗುತ್ತದೆ. ಇಲ್ಲಿ ಐದು ಅಡಿ ಮೇಲಿದ್ದ ಎರೆಯೂ ವ್ಯರ್ಥವೇ, ಮೀನಿಗೆ ಕಾಣುವುದಿಲ್ಲ. ಹಾಗಾಗಿ ನನ್ನ ಲೆಕ್ಕ ಮುಕ್ಕಾಲು ಅಡಿಯಿಂದ ಒಂದೂವರೆ ಅಡಿ ಮೇಲೆ. ಬೇರೆ ಜಲಾಶಯಕ್ಕೆ ಹೋಗುವವರು ಅಲ್ಲಿಯ ನೀರನ್ನು ನೋಡಿ ತೀರ್ಮಾನಿಸಬೇಕು. ನನ್ನ ಅಂಕಿಯನ್ನು ಹೊತ್ತುಕೊಂಡು ಹೋಗಬೇಡಿ.

ಈಗ ತಕರಾರು ತೆಗೆಯುವವರಿಗೆ. ‘ನಾನು ಎಂಟು ಅಡಿಯಲ್ಲೇ ಇಟ್ಟಿದ್ದೆ, ಕಚ್ಚಲಿಲ್ಲ’ ಎನ್ನುತ್ತಾರೆ. ಎಂಟು ಅಡಿ ದಾರ ಬಿಟ್ಟಿದ್ದೀರೋ, ಎರೆ ಎಂಟು ಅಡಿ ಆಳದಲ್ಲಿತ್ತೋ? ಎರಡೂ ಒಂದೇ ಅಲ್ಲ. ದೋಣಿ ನಿಧಾನವಾಗಿ ಚಲಿಸುವಾಗ ದಾರ ಹಿಂದಕ್ಕೆ ಓರೆಯಾಗುತ್ತದೆ. ನೇರಕ್ಕಿಂತ 45 ಡಿಗ್ರಿ ಓರೆಯಾದರೆ ಹದಿನೈದು ಅಡಿ ದಾರದ ತುದಿ ಇರುವುದು ಹತ್ತೂವರೆ ಅಡಿ ಆಳದಲ್ಲಿ. ಚಲಿಸುವಾಗ ಹೀಗೆ ಹದಿನೈದು ಅಡಿ ಬಿಟ್ಟು ಒಂದು ಮೀನು ಹಿಡಿದಿರಿ ಎನ್ನಿ. ಖುಷಿಯಾಗಿ ದೋಣಿಯನ್ನು ಅಲ್ಲೇ ನಿಲ್ಲಿಸಿ, ಅದೇ ಹದಿನೈದು ಅಡಿಯನ್ನು ಮತ್ತೆ ಬಿಡುತ್ತೀರಿ. ದೋಣಿ ನಿಂತಿದೆ, ದಾರ ನೆಟ್ಟಗಾಗಿದೆ, ಎರೆ ನಿಜವಾಗಿಯೂ ಹದಿನೈದು ಅಡಿಗೆ ಇಳಿದಿದೆ, ಮೀನಿಗಿಂತ ನಾಲ್ಕು ಅಡಿ ಕೆಳಗೆ. ಒಂದು ಮೀನು ಸಿಕ್ಕು ಆಮೇಲೆ ಒಂದೂ ಸಿಗದ ಕಥೆಗಳಲ್ಲಿ ಬಹುಪಾಲು ಇದೇ. ಹಿಂಡು ಓಡಿಹೋಗಿರುವುದಿಲ್ಲ. ನಿಂತಾಗ ದಾರವನ್ನು ಮರಳಿ ಸುತ್ತಬೇಕು ಎಂಬುದಷ್ಟೇ ಮರೆತುಹೋಗಿರುತ್ತದೆ.

ಪರದೆಯ ಕಮಾನಿನದೂ ಹೀಗೇ. ಹಳೆಯ ಬಗೆಯ ಸೋನಾರಿನಲ್ಲಿ ಮೀನು ಬಿಲ್ಲಿನಂತೆ ಬಾಗಿ ಕಾಣುವುದು ಮೀನಿನ ಆಕಾರದಿಂದಲ್ಲ. ದೋಣಿ ಹತ್ತಿರವಾಗುತ್ತಾ ದೂರ ಕಡಿಮೆಯಾಗುತ್ತದೆ, ನೆತ್ತಿಯ ಮೇಲೆ ಬಂದಾಗ ಅತಿ ಕಡಿಮೆ, ದಾಟಿದ ಮೇಲೆ ಮತ್ತೆ ಹೆಚ್ಚು. ಆ ದೂರಗಳನ್ನು ಒಂದರ ಪಕ್ಕ ಒಂದು ಬರೆದರೆ ಕಮಾನು. ಆದ್ದರಿಂದ ಆಳವನ್ನು ಓದಬೇಕಾದದ್ದು ಕಮಾನಿನ ನೆತ್ತಿಯಿಂದ. ಜನ ಅದರ ಕಾಲುಗಳನ್ನು ನೋಡಿ ಲೆಕ್ಕ ಹಾಕುತ್ತಾರೆ. ಸೋನಾರ್ ಕಳಿಸುವ ಶಬ್ದದ ಕಿರಣ ಅಗಲವಾಗಿದ್ದರೆ, ಅಂಚಿನಲ್ಲಿರುವ ಮೀನು ಒಂಬತ್ತು ಅಡಿಯಲ್ಲಿ ಕಂಡರೂ ನಿಜಕ್ಕೂ ಎಂಟರ ಆಸುಪಾಸಿನಲ್ಲಿರಬಹುದು. ತಪ್ಪು ಯಾವಾಗಲೂ ಒಂದೇ ಕಡೆಗೆ: ಮೀನು ತೋರುವುದಕ್ಕಿಂತ ಮೇಲಿದೆ.

ಇನ್ನೊಂದು, ಆಳವನ್ನು ನೀರಿನ ಮೇಲ್ಮೈಯಿಂದ ಅಳೆಯಿರಿ, ತಳದಿಂದಲ್ಲ. ಜೋರ್ಡನ್ ಮೂಲತಃ ಪ್ರವಾಹ ತಡೆಯುವ ಜಲಾಶಯ. ವಸಂತದಲ್ಲಿ ದೊಡ್ಡ ಮಳೆಯಾದರೆ ಕೆಳಗಿನ ಊರುಗಳಿಗಾಗಿ ನೀರನ್ನು ಇಲ್ಲೇ ಹಿಡಿದಿಡುತ್ತಾರೆ. ಸಮುದ್ರ ಮಟ್ಟದಿಂದ 216 ಅಡಿ ಇರಬೇಕಾದ ನೀರು ಹಲವು ಅಡಿ ಏರಿ ದಡದ ಪೊದೆ, ಮರಗಳೆಲ್ಲ ಮುಳುಗುತ್ತವೆ. ಆಗ ಕ್ರಾಪಿ ಹಳೆಯ ತಳದ ಮೇಲೆ ಕಾವಲು ಕೂತಿರುವುದಿಲ್ಲ, ಹೆಚ್ಚಾಗಿ ನೀರಿನ ಜೊತೆಗೇ ಮೇಲೇರಿ ಮುಳುಗಿದ ಪೊದೆಗಳತ್ತ ಸರಿದಿರುತ್ತದೆ. ಕಳೆದ ವಾರದ ಗುರುತಿಗೆ ಈ ವಾರ ಬೆಲೆಯಿಲ್ಲ.

ಮಲೆನಾಡಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮೃಗಶಿರ ಮಳೆಗೆ ಹೊಳೆಯ ಮೀನು ಹಳ್ಳ ಹತ್ತಿ ಗದ್ದೆಗೆ ಬರುವುದನ್ನು ಅವರು ನೋಡಿರುತ್ತಾರೆ. ಹತ್ತುಮೀನು ಮೊಟ್ಟೆಯಿಡಲು ತೆಳುನೀರು ಹುಡುಕಿ ಬರುವಂತೆ ಕ್ರಾಪಿಯೂ ಬರುತ್ತದೆ, ಆದರೆ ಇಲ್ಲಿ ಕರೆಯುವುದು ಮಳೆಯಲ್ಲ, ನೀರಿನ ಬಿಸುಪು. 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 16 ಸೆಲ್ಸಿಯಸ್ ದಾಟುತ್ತಿದ್ದಂತೆ ಗಂಡುಗಳು ದಡದ ಪೊದೆಗಳ ಬುಡದಲ್ಲಿ ಗೂಡು ಮಾಡುತ್ತವೆ. ಪೈನ್ ಮರಗಳ ಹಳದಿ ಪರಾಗ ನೀರಿನ ಮೇಲೆ ಕೆನೆಗಟ್ಟಿ, ಡಾಗ್‌ವುಡ್ ಬಿಳಿಯಾಗಿ ಅರಳುವ ಹೊತ್ತು ಅದು. ಎಲ್ಲ ದೋಣಿಗಳೂ ದಡಕ್ಕೆ ನುಗ್ಗುತ್ತವೆ. ದೊಡ್ಡ ಹೆಣ್ಣುಗಳು ಮಾತ್ರ ಬಹುಪಾಲು ಸಮಯ ದಡದಿಂದ ಹೊರಗೆ, ತೊರೆಯ ಹಳೆಯ ಪಾತ್ರದ ಅಂಚಿನಲ್ಲಿ, ಎಂಟು ಹತ್ತು ಅಡಿಯಲ್ಲಿ ತೇಲಿಕೊಂಡಿರುತ್ತವೆ. ಮೊಟ್ಟೆಯಿಡಲಷ್ಟೇ ಒಳಗೆ ಬಂದು ಹೋಗುತ್ತವೆ. ಗೂಡು ಕಾಯುವ ಗಂಡು ಎರಡು ಮೂರು ಅಡಿ ನೀರಿನಲ್ಲಿ ಸಿಟ್ಟಿನಿಂದ ಏನನ್ನಾದರೂ ಕಚ್ಚುತ್ತದೆ. ಅದನ್ನು ಹಿಡಿಯುವುದು ಕಾನೂನಿನ ಪ್ರಕಾರ ತಪ್ಪಲ್ಲ, ಈ ಮೀನಿನ ಸಂತತಿಯೂ ಅಪಾರ. ಆದರೂ ಕಾವಲು ತಪ್ಪಿದ ಗೂಡಿನ ಮೊಟ್ಟೆಗಳನ್ನು ಬೇರೆ ಮೀನುಗಳು ತಿನ್ನುವುದನ್ನು ನೋಡಿದ ಮೇಲೆ, ಗೂಡಿನ ಮೇಲಿಂದ ಎತ್ತಿದ ಗಂಡನ್ನು ನಾನು ಕೂಡಲೇ ಮರಳಿ ಬಿಡುತ್ತೇನೆ. ಇಲ್ಲಿ ಹತ್ತು ಅಂಗುಲಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ, ದಿನಕ್ಕೆ ಒಬ್ಬರಿಗೆ ಇಪ್ಪತ್ತು ಮಿತಿ. ಹೊರಡುವ ಮುನ್ನ ಆ ವರ್ಷದ ನಿಯಮವನ್ನು ಓದಿಕೊಳ್ಳಿ. ಬಾಯಿಯ ಪೊರೆ ಕಾಗದದಷ್ಟು ತೆಳು, ಜಗ್ಗಿದರೆ ಹರಿಯುತ್ತದೆ, ಕೋಲನ್ನು ಸುಮ್ಮನೆ ಎತ್ತಿದರೆ ಸಾಕು. ಜೀವರಕ್ಷಕ ಅಂಗಿಯ ವಿಷಯದಲ್ಲಿ ನನ್ನ ಜೊತೆ ವಾದ ಬೇಡ. ಮಾರ್ಚಿನ ನೀರು ಬಿದ್ದವರ ಉಸಿರನ್ನೇ ಕಟ್ಟಿಸುವಷ್ಟು ತಣ್ಣಗಿರುತ್ತದೆ.

ಎರಡು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟರೊಬ್ಬರು ಮಗನ ಜೊತೆ ಬಂದಿದ್ದರು. ತುಂಗೆಯಲ್ಲಿ ಗಾಳ ಹಾಕಿ ಬೆಳೆದವರು. ಏಳು ಗಂಟೆಯಿಂದ ಹತ್ತೂವರೆಯವರೆಗೆ ಸೀಸವನ್ನು ತಳದಿಂದ ಎತ್ತಲಿಲ್ಲ. ನಾನು ಅಡಿ, ಅಂಗುಲ ಎಂದೆಲ್ಲ ವಿವರಿಸಿದೆ, ಪರದೆ ತೋರಿಸಿದೆ. ಅವರು ನಯವಾಗಿಯೇ, ‘ನೋಡಪ್ಪಾ, ನೆಲ ಸಿಗದೆ ಗಾಳ ಎಲ್ಲಿದೆ ಎಂದು ನನಗೆ ಹೇಗೆ ತಿಳಿಯಬೇಕು?’ ಎಂದರು. ಆ ಪ್ರಶ್ನೆ ನನ್ನನ್ನು ಸುಮ್ಮನಾಗಿಸಿತು. ನೀರಿನ ನಡುವೆ ತೂಗುವ ಗಾಳ ಅವರ ಪಾಲಿಗೆ ಕಳೆದುಹೋದ ಗಾಳ. ಮೀನು ಎಲ್ಲಿದೆಯೆಂದು ಹೇಳುತ್ತಲೇ ಇದ್ದ ನಾನು, ಗಾಳ ಎಲ್ಲಿದೆಯೆಂದು ತಿಳಿಯುವ ದಾರಿಯನ್ನು ಅವರ ಕೈಗೆ ಕೊಟ್ಟೇ ಇರಲಿಲ್ಲ.

‘ಮೇಷ್ಟರೇ, ಬಾವಿ ಹಗ್ಗ ಅಳೆಯುವಂತೆ ದಾರವನ್ನು ಅಳೆಯೋಣವೇ?’ ಎಂದೆ. ಎರಡೂ ಕೈ ಚಾಚಿ ದಾರವನ್ನು ಎಳೆದರು. ಒಂದು ಮಾರು, ಆರು ಅಡಿ. ಮತ್ತೆರಡು ಮೊಳ, ಒಂಬತ್ತು ಅಡಿ. ಮೀನು ಇರುವುದು ಅಲ್ಲಿ ಎಂದೆ. ಅವರು ಒಂದು ಕ್ಷಣ ಯೋಚಿಸಿ, ದಾರದ ಮೇಲೆ ಬೆರಳು ಅಗಲಿಸಿ ಒಂದು ಗೇಣು ಹಿಂದಕ್ಕೆ ತೆಗೆದುಕೊಂಡರು. ಚೀಲದಿಂದ ಕೆಂಪು ನೂಲು ತೆಗೆದು ಅಲ್ಲಿಗೆ ಗಂಟು ಹಾಕಿದರು. ಆಮೇಲೆ ಗಂಟು ನೀರಿಗೆ ತಾಗುವವರೆಗೆ ಬಿಟ್ಟು ಕೈ ತಡೆದರು. ಮಧ್ಯಾಹ್ನದೊಳಗೆ ಅವರ ಪಾಲಿಗೆ ಹನ್ನೊಂದು ಬಂದವು, ಮಗನಿಗೆ ನಾಲ್ಕು.

ಅಂದಿನಿಂದ ನನ್ನ ಪೆಟ್ಟಿಗೆಯಲ್ಲಿ ಕೆಂಪು ನೂಲಿನ ಉಂಡೆಯೊಂದು ಇರುತ್ತದೆ. ದೋಣಿ ಹತ್ತಿದವರ ಕೈ ಚಾಚಿಸಿ ಮಾರು ಅಳೆದು ಗಂಟು ಹಾಕಿಸಿದ ಮೇಲೆಯೇ ಗಾಳ ನೀರಿಗೆ ಇಳಿಯುವುದು. ಈ ಮಾರ್ಚಿನಲ್ಲಿ ಮೇಷ್ಟರು ಮತ್ತೆ ಬರುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ ಮಾತಾಡುವಾಗ ಕೇಳಿದ್ದು ನೀರು ಎಷ್ಟು ಮಾರು ಏರಿದೆ ಎಂದು.