ಸಂವಿಧಾನ ಹೆಸರಿಸದ ಸ್ಥಾನ: ಅಮೆರಿಕದ ಪ್ರಥಮ ಮಹಿಳೆಯರ ಪ್ರಭಾವ ನಡೆದುಬಂದ ದಾರಿ

1993ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವೊಂದರ ಮುಂದೆ ಅಪರೂಪದ ಪ್ರಶ್ನೆಯೊಂದು ಬಂತು. ಅಧ್ಯಕ್ಷರ ಪತ್ನಿ ಸರ್ಕಾರದ ಒಳಗಿನವರೋ, ಹೊರಗಿನವರೋ? ಆರೋಗ್ಯ ಸೇವೆಯ ಸುಧಾರಣೆಗೆಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಆ ವರ್ಷದ ಜನವರಿಯಲ್ಲಿ ಕಾರ್ಯಪಡೆಯೊಂದನ್ನು ರಚಿಸಿ, ಪತ್ನಿ ಹಿಲರಿ ಕ್ಲಿಂಟನ್ ಅವರನ್ನೇ ಅದರ ಮುಖ್ಯಸ್ಥರನ್ನಾಗಿ ಮಾಡಿದ್ದರು. ಸಂವಿಧಾನ ಜಾರಿಗೆ ಬಂದು ಇನ್ನೂರು ವರ್ಷ ದಾಟಿದ್ದರೂ ಈ ಪ್ರಶ್ನೆಗೆ ಸಿದ್ಧ ಉತ್ತರವಿರಲಿಲ್ಲ. ಅಮೆರಿಕದ ಸಂವಿಧಾನದಲ್ಲಿ ಅಧ್ಯಕ್ಷರ ಪತ್ನಿಯ ಪ್ರಸ್ತಾಪವೇ ಇಲ್ಲ. ಆ ಸ್ಥಾನಕ್ಕೆ ಚುನಾವಣೆಯಿಲ್ಲ, ಸೆನೆಟ್‌ನ ಒಪ್ಪಿಗೆ ಬೇಕಿಲ್ಲ, ಸಂಬಳವಿಲ್ಲ, ವಜಾ ಮಾಡುವ ವಿಧಾನವೂ ಇಲ್ಲ. ಆದರೆ ಪ್ರಭಾವ ಮಾತ್ರ ಮೊದಲಿನಿಂದಲೂ ಇತ್ತು.

ಎರಡನೆಯ ಅಧ್ಯಕ್ಷರಾದ ಜಾನ್ ಆಡಮ್ಸ್ ಅವರ ಪತ್ನಿ ಅಬಿಗೈಲ್, 1776ರ ಮಾರ್ಚ್‌ನಲ್ಲೇ ಪತಿಗೆ ಪತ್ರ ಬರೆದು, ಹೊಸ ಕಾನೂನುಗಳನ್ನು ರೂಪಿಸುವಾಗ ಹೆಂಗಸರನ್ನು ಮರೆಯಬಾರದೆಂದು ಒತ್ತಾಯಿಸಿದ್ದರು. ಮುಂದೆ ಪತಿ ಅಧ್ಯಕ್ಷರಾದಾಗ ವಿರೋಧಿಗಳು ಆಕೆಯನ್ನು ‘ಮಿಸೆಸ್ ಪ್ರೆಸಿಡೆಂಟ್’ ಎಂದು ಹಂಗಿಸಿದರು. 1845ರಿಂದ 1849ರವರೆಗೆ ಅಧ್ಯಕ್ಷರಾಗಿದ್ದ ಜೇಮ್ಸ್ ಪೋಕ್ ಅವರ ಪತ್ನಿ ಸಾರಾ ಪೋಕ್ ಪತಿಯ ಕಾರ್ಯದರ್ಶಿಯಂತೆ ದುಡಿದು, ಪತ್ರಿಕೆಗಳನ್ನು ಓದಿ ಗುರುತು ಹಾಕಿಕೊಡುತ್ತಿದ್ದರು, ಭಾಷಣಗಳ ಕರಡು ನೋಡುತ್ತಿದ್ದರು. ಇವೆಲ್ಲ ಮನೆಯೊಳಗಿನ ಸಲಹೆಯ ಮಟ್ಟದಲ್ಲಿದ್ದುದರಿಂದ ಕಾನೂನು ಅತ್ತ ತಿರುಗಿ ನೋಡಬೇಕಾದ ಸಂದರ್ಭ ಬರಲಿಲ್ಲ.

ಆ ಸಂದರ್ಭ 1919ರ ಅಕ್ಟೋಬರ್ 2ರಂದು ಬಂತು. ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಶಾಂತಿ ಒಪ್ಪಂದಕ್ಕೆ ಜನಬೆಂಬಲ ಕೋರಿ ದೇಶ ಸುತ್ತುತ್ತಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್ ಕೊಲೊರಾಡೊದಲ್ಲಿ ಕುಸಿದು, ರೈಲಿನಲ್ಲಿ ರಾಜಧಾನಿಗೆ ಮರಳಿದ ಕೆಲವೇ ದಿನಗಳಲ್ಲಿ ತೀವ್ರ ಪಾರ್ಶ್ವವಾಯುವಿಗೆ ತುತ್ತಾದರು. ಅವರ ಎಡಭಾಗದ ಸ್ವಾಧೀನ ತಪ್ಪಿತು. ಪತ್ನಿ ಎಡಿತ್ ವಿಲ್ಸನ್ ಮತ್ತು ವೈದ್ಯ ಕ್ಯಾರಿ ಗ್ರೇಸನ್ ಕಾಯಿಲೆಯ ನಿಜಸ್ವರೂಪವನ್ನು ಜನರಿಂದಲೂ, ದೇಶದ ಸಂಸತ್ತಾದ ಕಾಂಗ್ರೆಸ್‌ನಿಂದಲೂ ಮರೆಮಾಚಿದರು. ಸಚಿವರು ಕಳಿಸಿದ ಕಾಗದಪತ್ರಗಳು ಎಡಿತ್ ಅವರ ಕೈಗೆ ಬರುತ್ತಿದ್ದವು. ಯಾವುದು ರೋಗಿಯ ಹಾಸಿಗೆಯವರೆಗೆ ಹೋಗಬೇಕು, ಯಾವುದು ಕಾಯಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು. ಅಧ್ಯಕ್ಷರ ಉತ್ತರವೆಂದು ಹೊರಬರುತ್ತಿದ್ದುದು ಎಷ್ಟೋ ಸಲ ಅವರ ಕೈಬರಹದ ಟಿಪ್ಪಣಿ.

ತಾನು ಸಾರ್ವಜನಿಕ ವಿಷಯದಲ್ಲಿ ಒಂದು ನಿರ್ಧಾರವನ್ನೂ ತೆಗೆದುಕೊಳ್ಳಲಿಲ್ಲವೆಂದೂ, ಯಾವುದು ಮುಖ್ಯ ಮತ್ತು ಅದನ್ನು ಯಾವಾಗ ಪತಿಯ ಮುಂದಿಡಬೇಕು ಎಂಬುದಷ್ಟೇ ತನ್ನ ತೀರ್ಮಾನವಾಗಿತ್ತೆಂದೂ ಎಡಿತ್ ಮುಂದೆ ತಮ್ಮ ಆತ್ಮಕಥನದಲ್ಲಿ ಬರೆದುಕೊಂಡರು. ಈ ಸಮರ್ಥನೆಯನ್ನು ಒಪ್ಪುವುದು ಕಷ್ಟ. ಅಧ್ಯಕ್ಷರ ಬಾಗಿಲ ಬಳಿ ನಿಂತು ಯಾವುದು ಮುಖ್ಯವೆಂದು ಆರಿಸುವುದೇ ಆಡಳಿತದಲ್ಲಿ ಅತಿ ದೊಡ್ಡ ನಿರ್ಧಾರ. ಆ ತಿಂಗಳುಗಳಲ್ಲಿ ಬ್ರಿಟನ್ ಕಳಿಸಿದ್ದ ರಾಯಭಾರಿ ಗ್ರೇ ಅವರಿಗೆ ಅಧ್ಯಕ್ಷರ ಭೇಟಿ ಸಿಗದೇ ಹೋಯಿತು. ಅಧ್ಯಕ್ಷರ ಗೈರುಹಾಜರಿಯಲ್ಲಿ ಸಚಿವ ಸಂಪುಟದ ಸಭೆ ಕರೆದ ವಿದೇಶಾಂಗ ಕಾರ್ಯದರ್ಶಿ ರಾಬರ್ಟ್ ಲ್ಯಾನ್ಸಿಂಗ್ 1920ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಯಾವ ಒಪ್ಪಂದಕ್ಕಾಗಿ ವಿಲ್ಸನ್ ಆರೋಗ್ಯ ಕಳೆದುಕೊಂಡರೋ ಅದು ಸೆನೆಟ್‌ನಲ್ಲಿ 1919ರ ನವೆಂಬರ್ ಮತ್ತು 1920ರ ಮಾರ್ಚ್‌ನಲ್ಲಿ ಬಿದ್ದುಹೋಯಿತು. ಈ ಸೋಲಿನ ಹೊಣೆಯನ್ನು ಎಡಿತ್ ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. ರಾಜಿಗೆ ಒಪ್ಪಿಕೊಳ್ಳಿರೆಂದು ತಾನು ಕೇಳಿಕೊಂಡರೂ ಪತಿ ಮಣಿಯಲಿಲ್ಲವೆಂದು ಅವರೇ ಬರೆದಿದ್ದಾರೆ, ಮತ್ತು ವಿಲ್ಸನ್ ಅವರ ಹಟ ಕಾಯಿಲೆಗಿಂತ ಹಳೆಯದು. ಇಷ್ಟೆಲ್ಲ ನಡೆದಾಗ ದೇಶದಾದ್ಯಂತ ಮಹಿಳೆಯರಿಗೆ ಮತದಾನದ ಹಕ್ಕನ್ನು ಖಾತರಿಪಡಿಸಿದ ತಿದ್ದುಪಡಿ ಇನ್ನೂ ಅಂಗೀಕಾರವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಅದು ಪೂರ್ಣಗೊಂಡದ್ದು 1920ರ ಆಗಸ್ಟ್‌ನಲ್ಲಿ.

ಎಡಿತ್ ಅವರ ಪ್ರಭಾವ ಮುಚ್ಚಿದ ಬಾಗಿಲಿನ ಹಿಂದಿನದಾಗಿದ್ದರೆ, ಎಲಿನಾರ್ ರೂಸ್ವೆಲ್ಟ್ ಅವರದು ಎಲ್ಲರ ಕಣ್ಣೆದುರಿನದು. ಫ್ರಾಂಕ್ಲಿನ್ ರೂಸ್ವೆಲ್ಟ್ ಅಧಿಕಾರ ವಹಿಸಿಕೊಂಡ ಎರಡೇ ದಿನಕ್ಕೆ, 1933ರ ಮಾರ್ಚ್ 6ರಂದು, ಅವರು ತಮ್ಮದೇ ಪತ್ರಿಕಾಗೋಷ್ಠಿ ಕರೆದರು. ಅಲ್ಲಿಗೆ ಮಹಿಳಾ ವರದಿಗಾರರಿಗೆ ಮಾತ್ರ ಪ್ರವೇಶ. ಆರ್ಥಿಕ ಕುಸಿತದ ಆ ಕಾಲದಲ್ಲಿ ಕೆಲಸ ಕಳೆದುಕೊಳ್ಳುವ ಅಂಚಿನಲ್ಲಿದ್ದ ಪತ್ರಕರ್ತೆಯರನ್ನು ಉಳಿಸಿಕೊಳ್ಳಲು ಪತ್ರಿಕೆಗಳಿಗೆ ಇದೊಂದು ಕಾರಣವಾಯಿತು. 1935ರ ಕೊನೆಯಿಂದ ಅವರ ಅಂಕಣ ವಾರಕ್ಕೆ ಆರು ದಿನ ಪ್ರಕಟವಾಗತೊಡಗಿತು. ಕಪ್ಪು ಗಾಯಕಿ ಮರಿಯನ್ ಆಂಡರ್ಸನ್ ಅವರಿಗೆ ಸಭಾಂಗಣ ನಿರಾಕರಿಸಿದ ಪ್ರತಿಷ್ಠಿತ ಮಹಿಳಾ ಸಂಘಕ್ಕೆ 1939ರಲ್ಲಿ ಅವರು ರಾಜೀನಾಮೆ ಕೊಟ್ಟರು. ಆ ಏಪ್ರಿಲ್‌ನಲ್ಲಿ ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ಆಂಡರ್ಸನ್ ಹಾಡಿದಾಗ ಸುಮಾರು 75,000 ಜನ ಸೇರಿದ್ದರು.

ಆದರೆ ಎಲಿನಾರ್ ಅವರ ಪ್ರಭಾವಕ್ಕೂ ಮಿತಿಯಿತ್ತು. ಕಪ್ಪು ಜನರ ಗುಂಪುಹತ್ಯೆಯನ್ನು ತಡೆಯುವ ಮಸೂದೆಗೆ ಪತಿಯ ಬೆಂಬಲ ಪಡೆಯಲು ಅವರು 1934ರಲ್ಲಿ ಹೋರಾಟಗಾರ ವಾಲ್ಟರ್ ವೈಟ್ ಅವರನ್ನು ಶ್ವೇತಭವನಕ್ಕೇ ಕರೆಸಿ ಅಧ್ಯಕ್ಷರೊಂದಿಗೆ ಮಾತನಾಡಿಸಿದರು. ದಕ್ಷಿಣದ ಸೆನೆಟರ್‌ಗಳನ್ನು ಎದುರುಹಾಕಿಕೊಂಡರೆ ತನ್ನ ಉಳಿದ ಮಸೂದೆಗಳೂ ಉಳಿಯಲಾರವೆಂಬ ಲೆಕ್ಕಾಚಾರದಲ್ಲಿ ಫ್ರಾಂಕ್ಲಿನ್ ಅದರ ಪರವಾಗಿ ಗಟ್ಟಿಯಾಗಿ ನಿಲ್ಲಲಿಲ್ಲ. 1941ರಲ್ಲಿ ಎಲಿನಾರ್ ನಾಗರಿಕ ರಕ್ಷಣಾ ಕಚೇರಿಯ ಸಹಾಯಕ ನಿರ್ದೇಶಕಿಯಾಗಿ ಸಂಬಳವಿಲ್ಲದ ಸರ್ಕಾರಿ ಹುದ್ದೆ ವಹಿಸಿಕೊಂಡರಾದರೂ, ಸ್ನೇಹಿತರಿಗೆ ಕೆಲಸ ಕೊಡಿಸಿದರೆಂಬ ಟೀಕೆಯ ನಡುವೆ ಕೆಲವೇ ತಿಂಗಳಲ್ಲಿ ಅದನ್ನು ಬಿಟ್ಟರು. ಅವರ ಅತ್ಯಂತ ದೊಡ್ಡ ಕೆಲಸ ನಡೆದದ್ದು ಪತಿಯ ಮರಣಾನಂತರ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷೆಯಾಗಿ. 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದು ಅರ್ಥವಾಗಬಹುದಾಗಿದ್ದ ಪದವನ್ನು ಬದಲಿಸಿ ‘ಎಲ್ಲ ಮಾನವರು’ ಎಂದು ಸೇರಿಸಲು ಪಟ್ಟುಹಿಡಿದವರು ಅದೇ ಆಯೋಗದಲ್ಲಿದ್ದ ಭಾರತದ ಹಂಸಾ ಮೆಹ್ತಾ.

ಈ ಕಥೆಯಲ್ಲಿ 1967 ಗಮನಿಸಬೇಕಾದ ವರ್ಷ. ಆ ಫೆಬ್ರವರಿಯಲ್ಲಿ ಸಂವಿಧಾನದ 25ನೇ ತಿದ್ದುಪಡಿ ಅಂಗೀಕಾರವಾಗಿ, ಅಧ್ಯಕ್ಷರು ಅಸಮರ್ಥರಾದಾಗ ಅಧಿಕಾರ ಉಪಾಧ್ಯಕ್ಷರಿಗೆ ಹೇಗೆ ಹೋಗಬೇಕೆಂಬುದು ಮೊದಲ ಬಾರಿಗೆ ಸ್ಪಷ್ಟವಾಯಿತು. ಅದಕ್ಕೆ ತಕ್ಷಣದ ಪ್ರೇರಣೆ ಕೆನಡಿ ಹತ್ಯೆಯಾಗಿದ್ದರೂ, ವಿಲ್ಸನ್ ಅವರ ಕೋಣೆಯ ನೆನಪು ಆ ಚರ್ಚೆಯಲ್ಲಿ ಮತ್ತೆ ಮತ್ತೆ ಬಂದಿತ್ತು. ಅದೇ ಡಿಸೆಂಬರ್‌ನಲ್ಲಿ, ಅಧಿಕಾರಿಗಳು ತಮ್ಮ ಬಂಧುಗಳನ್ನು ಸರ್ಕಾರಿ ಹುದ್ದೆಗೆ ನೇಮಿಸುವಂತಿಲ್ಲವೆಂಬ ಕಾನೂನೂ ಜಾರಿಗೆ ಬಂತು. ಜಾನ್ ಕೆನಡಿ ತಮ್ಮನನ್ನೇ ಅಟಾರ್ನಿ ಜನರಲ್, ಅಂದರೆ ನ್ಯಾಯ ಇಲಾಖೆಯ ಮುಖ್ಯಸ್ಥ, ಮಾಡಿದ್ದಕ್ಕೆ ಇದು ಪ್ರತಿಕ್ರಿಯೆಯೆಂದು ಹಲವರು ಭಾವಿಸುತ್ತಾರೆ.

ಈ ಕಾನೂನಿನ ಬಿಸಿ ಮೊದಲು ತಟ್ಟಿದ್ದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಪತ್ನಿ ರೋಸಲಿನ್ ಕಾರ್ಟರ್ ಅವರಿಗೆ. ಸಚಿವ ಸಂಪುಟದ ಸಭೆಗಳಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ, 1977ರಲ್ಲಿ ಅಧ್ಯಕ್ಷರ ಪ್ರತಿನಿಧಿಯಾಗಿ ಲ್ಯಾಟಿನ್ ಅಮೆರಿಕದ ಏಳು ದೇಶಗಳ ನಾಯಕರೊಂದಿಗೆ ಮಾತುಕತೆ ನಡೆಸಿದ ಅವರು, ಮಾನಸಿಕ ಆರೋಗ್ಯದ ಆಯೋಗದ ಅಧ್ಯಕ್ಷೆಯಾಗಲು ಕಾನೂನು ಅಡ್ಡ ಬಂದದ್ದರಿಂದ ‘ಗೌರವ ಅಧ್ಯಕ್ಷೆ’ಯಾದರು. ಹೆಸರು ಗೌರವದ್ದಾದರೂ ದುಡಿಮೆ ನಿಜದ್ದಾಗಿತ್ತು. 1979ರಲ್ಲಿ ಸೆನೆಟ್ ಸಮಿತಿಯ ಮುಂದೆ ಅವರೇ ಸಾಕ್ಷ್ಯ ನುಡಿದರು, 1980ರಲ್ಲಿ ಮಾನಸಿಕ ಆರೋಗ್ಯ ಕಾಯಿದೆ ಬಂತು. ಮರುವರ್ಷವೇ ರೇಗನ್ ಸರ್ಕಾರದ ಆಯವ್ಯಯ ಕಾಯಿದೆ ಅದರ ಬಹುಭಾಗವನ್ನು ಅಳಿಸಿಹಾಕಿದ್ದು ಇಂದಿಗೂ ನೋವಿನ ಸಂಗತಿ.

1978ರ ಕಾಯಿದೆಯೊಂದರಲ್ಲಿ, ಶ್ವೇತಭವನದ ಸಿಬ್ಬಂದಿಯ ಕುರಿತ ಸೆಕ್ಷನ್ನುಗಳ ನಡುವೆ, ಒಂದು ಸಣ್ಣ ವಾಕ್ಯ ಸೇರಿಕೊಂಡಿತು. ಅಧ್ಯಕ್ಷರ ಕರ್ತವ್ಯ ನಿರ್ವಹಣೆಯಲ್ಲಿ ಅವರ ಸಂಗಾತಿ ನೆರವಾಗುವಾಗ ಸಂಗಾತಿಗೂ ಸರ್ಕಾರಿ ಸಿಬ್ಬಂದಿಯ ಸೇವೆ ಒದಗಿಸಬಹುದು ಎಂಬುದು ಅದರ ಸಾರ. ಹಿಲರಿ ಕ್ಲಿಂಟನ್ ಪ್ರಕರಣದಲ್ಲಿ ನಿರ್ಣಾಯಕವಾದದ್ದು ಈ ವಾಕ್ಯ. ಹೊರಗಿನವರು ಸದಸ್ಯರಾಗಿರುವ ಸಲಹಾ ಸಮಿತಿಗಳ ಸಭೆ ಸಾರ್ವಜನಿಕರಿಗೆ ತೆರೆದಿರಬೇಕೆಂದು 1972ರ ಕಾನೂನು ಹೇಳುತ್ತಿತ್ತು. ಹಿಲರಿ ಸರ್ಕಾರಿ ನೌಕರರಲ್ಲ, ಆದ್ದರಿಂದ ಬಾಗಿಲು ತೆರೆಯಿರಿ ಎಂದು ವೈದ್ಯರ ಸಂಘವೊಂದು ವಾದಿಸಿತು. ಕಾಂಗ್ರೆಸ್ ತಾನೇ ಅಧ್ಯಕ್ಷರ ಸಂಗಾತಿಯ ನೆರವನ್ನು ಗುರುತಿಸಿರುವುದರಿಂದ, ಈ ಕಾನೂನಿನ ಮಟ್ಟಿಗೆ ಆಕೆಯನ್ನು ಸರ್ಕಾರದ ಅಧಿಕಾರಿಗೆ ಸಮಾನವೆಂದು ಕಾಣಬಹುದು ಎಂದು ಮೇಲ್ಮನವಿ ನ್ಯಾಯಾಲಯ ಜೂನ್‌ನಲ್ಲಿ ತೀರ್ಪಿತ್ತಿತು.

ತೀರ್ಪು ಗೆದ್ದರೂ ಯೋಜನೆ ಗೆಲ್ಲಲಿಲ್ಲ. ಆರೋಗ್ಯ ಸುಧಾರಣೆ 1994ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್‌ನಲ್ಲೇ ಕೊನೆಯುಸಿರೆಳೆಯಿತು. ಮುಂದೆ ಹಿಲರಿ ಅಧಿಕಾರವನ್ನು ಮತದಾರರಿಂದಲೇ ಪಡೆಯುವ ದಾರಿ ಹಿಡಿದು, 2000ದಲ್ಲಿ ನ್ಯೂಯಾರ್ಕಿನಿಂದ ಸೆನೆಟ್‌ಗೆ ಆಯ್ಕೆಯಾದರು. ತೀರ್ಪಿನ ಇನ್ನೊಂದು ಎಳೆ ಬೇರೆಡೆಗೆ ಚಾಚಿತು. ಬಂಧುಗಳ ನೇಮಕವನ್ನು ತಡೆಯುವ 1967ರ ಕಾನೂನು ಶ್ವೇತಭವನದ ಸಿಬ್ಬಂದಿಗೆ ಅನ್ವಯಿಸುತ್ತದೆಯೇ ಎಂದು ಅದರಲ್ಲಿ ನ್ಯಾಯಾಧೀಶರು ಸಂಶಯ ವ್ಯಕ್ತಪಡಿಸಿದ್ದರು. ಅನ್ವಯಿಸುವುದಿಲ್ಲವೆಂದು 2017ರ ಜನವರಿಯಲ್ಲಿ ನ್ಯಾಯ ಇಲಾಖೆ ಅಭಿಪ್ರಾಯಪಟ್ಟಿತು, ಡೊನಾಲ್ಡ್ ಟ್ರಂಪ್ ಅವರ ಅಳಿಯ ಜ್ಯಾರೆಡ್ ಕುಶ್ನರ್ ಹಿರಿಯ ಸಲಹೆಗಾರರಾದರು.

ಪ್ರಥಮ ಮಹಿಳೆಗೆ ಇಂದಿಗೂ ಸಂಬಳವಿಲ್ಲ. 1978ರ ಆ ವಾಕ್ಯಕ್ಕಿಂತ ಗಟ್ಟಿಯಾದ ಕಾನೂನಿನ ಆಸರೆಯೂ ಸಿಕ್ಕಿಲ್ಲ. ಆದರೂ 2025ರ ಆಗಸ್ಟ್‌ನಲ್ಲಿ ಟ್ರಂಪ್ ಅಲಾಸ್ಕಾದಲ್ಲಿ ರಷ್ಯಾದ ಅಧ್ಯಕ್ಷ ಪುಟಿನ್ ಅವರನ್ನು ಭೇಟಿಯಾದಾಗ, ಮಕ್ಕಳ ರಕ್ಷಣೆಯನ್ನು ಕೋರಿ ಮೆಲಾನಿಯಾ ಟ್ರಂಪ್ ಬರೆದ ಪತ್ರವೂ ಪುಟಿನ್ ಕೈ ಸೇರಿತು. ಎರಡು ತಿಂಗಳ ನಂತರ, ಹೊಸ ನೃತ್ಯಸಭಾಂಗಣಕ್ಕೆ ಜಾಗ ಮಾಡಲು ಶ್ವೇತಭವನದ ಪೂರ್ವ ಕಟ್ಟಡವನ್ನು ಕೆಡವಲಾಯಿತು. 1977ರಲ್ಲಿ ರೋಸಲಿನ್ ಕಾರ್ಟರ್ ಮೊದಲ ಬಾರಿಗೆ ತಮ್ಮದೇ ಕಚೇರಿ ತೆರೆದದ್ದು ಆ ಕಟ್ಟಡದಲ್ಲಿ.